ಅವ್ವನ ಮೊಣಕಾಲು 70 ಡಿಗ್ರಿಗೆ ನಿಂತುಬಿಟ್ಟಿದೆ, ಆಪರೇಷನ್ ಆಗಿ ಆರನೇ ವಾರ. ಏನು ಮಾಡಲಿ?

ಕೊಪ್ಪಳದ ಮಗ
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳದ ಹತ್ತಿರ ಒಂದು ಹಳ್ಳಿ. ಅವ್ವನಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ಬಲಗಾಲಿನ ಮೊಣಕಾಲು ಪೂರ್ತಿ ಸವೆದಿತ್ತು. ಕೀಲು ಬದಲಿಸುವ ಆಪರೇಷನ್ ಮಾಡಿಸಿದೆವು. ನಾಳೆಗೆ ಆರು ವಾರ. ಹೊಲಿಗೆ ಬಿಚ್ಚಿದ್ದಾರೆ, ಗಾಯ ಒಣಗಿದೆ, ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ. ಆದರೆ ಕಾಲು ಮಡಚುತ್ತಿಲ್ಲ. ಕುರ್ಚಿ ಮೇಲೆ ಕೂತರೆ ಕಾಲು ಮುಂದಕ್ಕೆ ಚಾಚಿಕೊಂಡೇ ಇರುತ್ತದೆ. ಹೋದ ವಾರ ಅಳತೆ ನೋಡಿದಾಗ 70 ಡಿಗ್ರಿ ಬಂತು (ಪೂರ್ತಿ ನೆಟ್ಟಗಿದ್ದರೆ 0, ಮಡಚಿದಷ್ಟೂ ಅಂಕಿ ಜಾಸ್ತಿ).

ಡಿಸ್ಚಾರ್ಜ್ ಮಾಡುವಾಗ ಆಸ್ಪತ್ರೆಯವರು ಒಂದು ಹಾಳೆ ಕೈಗೆ ಕೊಟ್ಟರು. ವ್ಯಾಯಾಮದ ಚಿತ್ರಗಳು, ಕೆಳಗೆ ಇಂಗ್ಲಿಷ್. ಹೇಗೆ ಮಾಡಬೇಕು, ಎಷ್ಟು ನೋವಾದರೆ ನಿಲ್ಲಿಸಬೇಕು ಅಂತ ಯಾರೂ ಕೂತು ಹೇಳಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಪಕ್ಕದ ಮನೆಯವರು "ಈಗ ಮಡಚದಿದ್ದರೆ ಇನ್ನು ಯಾವತ್ತೂ ಮಡಚಲ್ಲ" ಅಂದರು. ಹೆದರಿ ನಾನೂ ನನ್ನ ತಮ್ಮನೂ ಅವ್ವನ ಕಾಲು ಹಿಡಿದು ಒತ್ತಿ ಮಡಚಿದೆವು. ಕೂಗಿಕೊಂಡಳು. ಮರುದಿನ ಮೊಣಕಾಲು ಊದಿಕೊಂಡಿತ್ತು. ಈಗ ನಾನು ಹತ್ತಿರ ಹೋದರೆ ಸಾಕು, ಸೆರಗು ಕಾಲ ಮೇಲೆ ಎಳೆದುಕೊಳ್ಳುತ್ತಾಳೆ. ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅವಳಿಗಿರುವುದು ಒಂದೇ ಚಿಂತೆ. ಜನವರಿಯಲ್ಲಿ ಗವಿಮಠದ ಜಾತ್ರೆ. ಪ್ರತಿ ವರ್ಷ ದಾಸೋಹಕ್ಕೆ ನಮ್ಮ ಓಣಿಯಿಂದ ಜೋಳದ ರೊಟ್ಟಿ ಹೋಗುತ್ತದೆ. ಒಲೆ ಮುಂದೆ ನೆಲದ ಮೇಲೆ ಕೂತು ನೂರಾರು ರೊಟ್ಟಿ ಬಡಿದವಳು. ಈ ಸಲ ಆಗುತ್ತಾ ಅಂತ ದಿನಾ ಕೇಳುತ್ತಾಳೆ.

ಗಂಗಾವತಿ ಟೀಚರ್
ತಮ್ಮಾ, ಮೊದಲು ಧೈರ್ಯ ತಗೋ. ನನ್ನ ಎರಡೂ ಮೊಣಕಾಲು ಬದಲಿಸಿದ್ದಾರೆ, ಒಂದೊಂದಕ್ಕೆ ಒಂದು ವರ್ಷ ಅಂತರ. ಮೊದಲನೆಯದರಲ್ಲಿ ನನಗೂ ಇದೇ ಗತಿ. ನಾಲ್ಕನೇ ವಾರಕ್ಕೆ ನೋವಿಗೆ ಹೆದರಿ ಎಲ್ಲಾ ನಿಲ್ಲಿಸಿಬಿಟ್ಟಿದ್ದೆ. ಕಾಲು ಮರದ ಕೊರಡು ಆಗಿತ್ತು. ಆಮೇಲೆ ಮಡಚಿತು. ವಿವರ ಸಂಜೆ ಬರೆಯುತ್ತೇನೆ.

ಸಿರುಗುಪ್ಪ ಗೌಡ್ರು
ಒಳ್ಳೆ ಎಳ್ಳೆಣ್ಣೆ ಬಿಸಿ ಮಾಡಿ ತೊಡೆಯಿಂದ ಪಾದದವರೆಗೆ ಚೆನ್ನಾಗಿ ನೀವಿಸಿ. ಒಂದು ತಿಂಗಳಲ್ಲಿ ಸಡಿಲ ಆಗುತ್ತದೆ. ಇಲ್ಲಾ ಅಂದರೆ ಆಂಧ್ರದ ಪುತ್ತೂರಿನ ಕಟ್ಟು, ಅದೇ ಮೂಳೆ ಮುರಿದರೆ ಹಾಕುವ ನಾಟಿ ಕಟ್ಟು, ಹಾಕಿಸಿ. ನಮ್ಮ ಕಡೆಯಿಂದ ಜನ ಅಲ್ಲಿಗೆ ಹೋಗುತ್ತಲೇ ಇರುತ್ತಾರೆ.

ಫಿಸಿಯೋ ರಾಯಚೂರು
ಗೌಡ್ರೇ, ದಯವಿಟ್ಟು ಬೇಡ. ಒಳಗೆ ಲೋಹದ ಕೀಲು ಇದೆ, ಆರೇ ವಾರ ಆಗಿದೆ. ಈ ಆಪರೇಷನ್ ಆದ ಮೇಲೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಗಟ್ಟಿಯಾಗಿ ನೀವಿದರೆ ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಕಟ್ಟು ಹಾಕಿಸಿದರೆ ಕಾಲು ಅಲುಗಾಡುವುದಿಲ್ಲ. ಇವರ ಸಮಸ್ಯೆಯೇ ಕಾಲು ಅಲುಗಾಡದೇ ಇರುವುದು.

ಕೊಪ್ಪಳದವರೇ, ನಾನು ಫಿಸಿಯೋಥೆರಪಿಸ್ಟ್. ಮೊದಲು ಇದಕ್ಕೆ ಉತ್ತರ ಕೊಡಿ. ಜ್ವರ ಇದೆಯಾ? ಗಾಯದಿಂದ ನೀರು, ಕೀವು ಬರುತ್ತಿದೆಯಾ? ಕೆಂಪಾಗಿದೆಯಾ? ಮೀನಖಂಡ ಮುಟ್ಟಿದರೆ ನೋವಾ? ಉಸಿರು ಕಟ್ಟುತ್ತಾ? ಇದರಲ್ಲಿ ಒಂದಿದ್ದರೂ ಇಲ್ಲಿ ಓದುತ್ತಾ ಕೂರಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಬೇರೆ ಇದೆ.

ಆಮೇಲೆ ಇನ್ನೊಂದು ಪ್ರಶ್ನೆ. ರಾತ್ರಿ ಮಲಗುವಾಗ ದಿಂಬು ಎಲ್ಲಿ ಇಡುತ್ತೀರಿ?

ಸಿರುಗುಪ್ಪ ಗೌಡ್ರು
ನಮ್ಮಪ್ಪನ ಮುಂಗೈ ಮೂಳೆ ಮುರಿದಾಗ ಕಟ್ಟಿನಿಂದಲೇ ವಾಸಿ ಆಗಿದ್ದು ಮೇಡಂ. ಹಳೇ ವಿದ್ಯೆಯನ್ನು ಒಂದೇ ಮಾತಲ್ಲಿ ತಳ್ಳಬೇಡಿ.

ಫಿಸಿಯೋ ರಾಯಚೂರು
ನಿಮ್ಮ ತಂದೆಯವರ ಕೈ ಸರಿಹೋಗಿದ್ದು ಸಂತೋಷ ಸರ್. ಅದು ಮುರಿದ ಮೂಳೆ, ಅಲುಗಾಡದಂತೆ ಹಿಡಿಯಬೇಕಿತ್ತು. ಇದು ಹೊಸ ಕೀಲು. ಅಲುಗಾಡಿಸಲೇಬೇಕು.

ಕೊಪ್ಪಳದ ಮಗ
ಮೇಡಂ, ಜ್ವರ ಇಲ್ಲ, ಕೀವು ಇಲ್ಲ, ಮೀನಖಂಡ ಮೆತ್ತಗಿದೆ. ಮೊದಲಿಗಿಂತ ಬಾವು ಕಮ್ಮಿ ಆಗಿದೆ. ಮುಟ್ಟಿದರೆ ಎಡಗಾಲಿಗಿಂತ ಸ್ವಲ್ಪ ಬೆಚ್ಚಗಿದೆ ಅಷ್ಟೇ. ದಿಂಬು ಮೊಣಕಾಲಿನ ಕೆಳಗೆ ಇಡುತ್ತೇವೆ. ಹಾಗಿಟ್ಟರೆ ಅವ್ವನಿಗೆ ಆರಾಮ. ಹಗಲಲ್ಲೂ ಮಂಚದ ಮೇಲಿದ್ದಾಗ ಹಾಗೇ.

ಫಿಸಿಯೋ ರಾಯಚೂರು
ಆ ದಿಂಬನ್ನು ಈಗಲೇ ತೆಗೆಯಿರಿ. ಈ ಆಪರೇಷನ್ ಆದವರ ಹತ್ತು ಮನೆಗೆ ಹೋದರೆ ಎಂಟು ಮನೆಯಲ್ಲಿ ಇದೇ ತಪ್ಪು ನೋಡುತ್ತೇನೆ. ಮೊಣಕಾಲಿನ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ, ನಿಜ. ಆದರೆ ಕಾಲು ಅರ್ಧ ಮಡಚಿದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಇರುತ್ತದೆ. ಹಿಂಭಾಗದ ಸ್ನಾಯು ಗಿಡ್ಡ ಆಗುತ್ತದೆ, ಕಾಲು ನೆಟ್ಟಗಾಗುವುದಿಲ್ಲ.

ಎಲ್ಲರೂ ಮಡಚುವುದನ್ನೇ ಕೇಳುತ್ತಾರೆ. ನೆಟ್ಟಗಾಗುವುದು ಅದಕ್ಕಿಂತ ಮುಖ್ಯ. ಪೂರ್ತಿ ನೆಟ್ಟಗಾಗದ ಕಾಲಿನಲ್ಲಿ ನಿಂತರೆ ತೊಡೆಯ ಸ್ನಾಯು ಒಂದು ಕ್ಷಣವೂ ಬಿಡುವಿಲ್ಲದೆ ದುಡಿಯುತ್ತದೆ. ಹತ್ತು ಹೆಜ್ಜೆಗೆ ಸುಸ್ತು, ಕುಂಟು, ಆಮೇಲೆ ಸೊಂಟ ನೋವು. ಇವತ್ತು ಅಮ್ಮನನ್ನು ಅಂಗಾತ ಮಲಗಿಸಿ, ಮೊಣಕಾಲಿನ ಕೆಳಗೆ ನಿಮ್ಮ ಅಂಗೈ ತೂರಿಸಿ ನೋಡಿ. ಸಲೀಸಾಗಿ ಒಳಗೆ ಹೋದರೆ ಕಾಲು ನೆಟ್ಟಗಿಲ್ಲ ಅಂತ ಅರ್ಥ.

ದಿಂಬು ಬೇಕೇ ಬೇಕು ಅಂದರೆ ಹಿಮ್ಮಡಿ ಕೆಳಗೆ ಇಡಿ. ಟವೆಲ್ ಸುತ್ತಿ ಹಿಮ್ಮಡಿ ಅದರ ಮೇಲಿಟ್ಟು ಮೊಣಕಾಲನ್ನು ತಾನಾಗಿ ಕೆಳಗೆ ಇಳಿಯಲು ಬಿಡಿ. ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಯಾರೂ ಒತ್ತುವುದು ಬೇಡ, ಕಾಲಿನ ಭಾರವೇ ಸಾಕು.

ಕೊಪ್ಪಳದ ಮಗ
ಅಂಗೈ ಸಲೀಸಾಗಿ ಹೋಯಿತು ಮೇಡಂ. ಮುಷ್ಟಿಯೇ ಹೋಗುತ್ತದೆ. ಆರು ವಾರ ಅವ್ವನಿಗೆ ಒಳ್ಳೇದು ಮಾಡುತ್ತಿದ್ದೇವೆ ಅಂದುಕೊಂಡು ನಾವೇ ಕೆಡಿಸಿದೆವು.

ಜೀನ್ಸ್ ಕಟಿಂಗ್ ಬಳ್ಳಾರಿ
ಅಣ್ಣಾ, ಕೊರಗಬೇಡ. ನನ್ನದು ಕಬಡ್ಡಿಯಲ್ಲಿ ಹೋದ ಎಸಿಎಲ್, ಅಂದರೆ ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ನಾರು. ತೊಡೆ ಹಿಂದಿನ ಸ್ನಾಯುವಿನ ನಾರು ತೆಗೆದು ಅದರ ಜಾಗಕ್ಕೆ ಜೋಡಿಸಿದರು. ನನಗೂ ದಿಂಬಿನದೇ ಕಥೆ. ಕಾಲು ನೆಟ್ಟಗೆ ಮಾಡಲು ಕಷ್ಟಪಟ್ಟಷ್ಟು ಮಡಚಲು ಪಡಲಿಲ್ಲ. ಮಂಚದ ಮೇಲೆ ಬೋರಲು ಮಲಗಿ, ಮೊಣಕಾಲಿನಿಂದ ಕೆಳಗಿನ ಭಾಗ ಅಂಚಿನಿಂದ ಆಚೆ ಇಳಿಬಿಡುತ್ತಿದ್ದೆ. ಎರಡು ತಿಂಗಳಿಗೆ ಸರಿಹೋಯಿತು.

ಒಂದು ಮಾತು. ನಾನು ಬೇಗ ಕೆಲಸಕ್ಕೆ ಹೋದೆ. ಹೊಲಿಗೆಯ ಪವರ್ ಮಷಿನ್ ಮುಂದೆ ಕಾಲು 90 ಡಿಗ್ರಿಯಲ್ಲಿಟ್ಟು ಎಂಟು ಗಂಟೆ ಕೂತರೆ ಸಂಜೆಗೆ ಕಾಲು ಸೆಟೆದುಕೊಳ್ಳುತ್ತಿತ್ತು. ಕೂತಲ್ಲೇ ಕೂರುವುದೂ ಕೆಟ್ಟದ್ದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿಸಿ.

ಸಂಶಯ ಕುಷ್ಟಗಿ
ಎಸಿಎಲ್ ಬೇರೆ, ಕೀಲು ಬದಲಿ ಬೇರೆ. 25ರ ಹುಡುಗನ ಲೆಕ್ಕ 62ರ ಅಜ್ಜಿಗೆ ಹೇಳಬಾರದು.

ಜೀನ್ಸ್ ಕಟಿಂಗ್ ಬಳ್ಳಾರಿ
ಬೇರೆ ಅಂತ ನನಗೂ ಗೊತ್ತು ಸರ್. ದಿಂಬಿನ ವಿಷಯ ಇಬ್ಬರಿಗೂ ಒಂದೇ ಅಂತ ಹೇಳಿದೆ.

ಫಿಸಿಯೋ ರಾಯಚೂರು
ಇಬ್ಬರೂ ಸರಿ. ಬೋರಲು ಮಲಗುವುದು ಇವರ ಅಮ್ಮನಿಗೆ ಸದ್ಯಕ್ಕೆ ಬೇಡ, ಹಿಮ್ಮಡಿ ಟವೆಲ್ ಸಾಕು.

ಗಂಗಾವತಿ ಟೀಚರ್
ಸಂಜೆ ಬರೆಯುತ್ತೇನೆ ಅಂದಿದ್ದೆ. ನನ್ನ ಕಾಲು ಮಡಚಿದ್ದು ಹೇಗೆ ಅಂತ ಹೇಳುತ್ತೇನೆ ಕೇಳು.

ಮೊದಲನೆಯದು ಮಾತ್ರೆ. ನೋವಿನ ಮಾತ್ರೆ ತಿನ್ನಬಾರದು, ಕಿಡ್ನಿ ಹೋಗುತ್ತದೆ ಅಂತ ಹೆದರಿ ನಾನು ಬಿಟ್ಟಿದ್ದೆ. ಡಾಕ್ಟರು ಬೈದರು. ಅವರು ಬರೆದುಕೊಟ್ಟದ್ದನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ತಗೊಂಡಾಗ ಕಾಲು ಮಾತು ಕೇಳಿತು. ಸ್ವಂತಕ್ಕೆ ಅಂಗಡಿಯಿಂದ ತಂದು ತಿನ್ನಬೇಡಿ, ಸಕ್ಕರೆ ಇರುವವರಂತೂ ಬೇಡವೇ ಬೇಡ.

ಆಮೇಲೆ ಕುರ್ಚಿ. ನಮ್ಮ ಮನೆಯಲ್ಲಿ ಶಹಾಬಾದ್ ಬಂಡೆ ನೆಲ, ನುಣುಪು. ಕುರ್ಚಿಯಲ್ಲಿ ಕೂತು ಪಾದದ ಕೆಳಗೆ ಒಂದು ಬಟ್ಟೆ ಹಾಕಿ, ಪಾದವನ್ನು ಮೆಲ್ಲಗೆ ಹಿಂದಕ್ಕೆ ಜಾರಿಸುತ್ತಿದ್ದೆ. ಇನ್ನು ಆಗಲ್ಲ ಅನಿಸಿದ ಕಡೆ ಒಳ್ಳೆ ಕಾಲನ್ನು ಮುಂದೆ ಅಡ್ಡ ಇಟ್ಟು ಒಂಚೂರು ಹಿಂದಕ್ಕೆ ತಳ್ಳುತ್ತಿದ್ದೆ. ನನ್ನ ಕಾಲನ್ನು ನಾನೇ ತಳ್ಳುವುದರಿಂದ ಭಯ ಇರಲಿಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ನನಗೇ ಗೊತ್ತಾಗುತ್ತಿತ್ತು. ಎರಡರ ಮಗ್ಗಿ ಒಂದು ಸಲ ಹೇಳುವಷ್ಟು ಹೊತ್ತು ಹಿಡಿಯುವುದು, ಬಿಡುವುದು. ಹತ್ತು ಸಲ. ಊಟಕ್ಕೆ ಮುಂಚೆ, ಚಹಾಕ್ಕೆ ಮುಂಚೆ, ಹೀಗೆ ದಿನಕ್ಕೆ ಐದಾರು ಸಲ. ಒಂದೇ ಸಲಕ್ಕೆ ಒಂದು ಗಂಟೆ ಮಾಡಿದ ದಿನ ಬಾವು ಬಂದು ಎರಡು ದಿನ ಹಾಳಾಯಿತು. ಚೂರು ಚೂರು ಮಾಡಿದರೇ ಒಳ್ಳೆಯದು.

ಇನ್ನೊಂದು. ಪಾದ ಎಲ್ಲಿಯವರೆಗೆ ಹಿಂದೆ ಹೋಯಿತೋ ಅಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಿದ್ದೆ. ಕುರ್ಚಿಯ ಜಾಗ ಬದಲಿಸಬಾರದು. ಡಿಗ್ರಿ ಗಿಗ್ರಿ ನನಗೆ ತಲೆಗೆ ಹತ್ತಲಿಲ್ಲ. ಆದರೆ ಗೆರೆ ಒಂದು ಬೆರಳು ಹಿಂದೆ ಹೋದರೆ ಅವತ್ತು ಊಟ ರುಚಿಸುತ್ತಿತ್ತು.

ಮಾನ್ವಿ ಸೊಸೆ
ಟೀಚರ್, ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಅತ್ತೆಗೆ ಮುಂದಿನ ತಿಂಗಳು ಆಪರೇಷನ್ ಇದೆ. ಗೆರೆ ವಿಷಯ ಬರೆದಿಟ್ಟುಕೊಂಡೆ.

ಲಿಂಗಸುಗೂರು ಬೈಕ್
ಸಿಪಿಎಂ ಮಷಿನ್ ಬಾಡಿಗೆಗೆ ಸಿಗುತ್ತದೆ. ಕಾಲು ಇಟ್ಟರೆ ತಾನೇ ಮಡಚಿ ಬಿಚ್ಚುತ್ತದೆ. ಅದನ್ನು ತನ್ನಿ, ಇಷ್ಟೆಲ್ಲಾ ಯಾಕೆ?

ಫಿಸಿಯೋ ರಾಯಚೂರು
ಅದರಿಂದ ಬಹುಕಾಲ ಉಳಿಯುವ ಲಾಭ ಕಮ್ಮಿ ಸರ್. ಮಷಿನ್ ಕಾಲು ಎತ್ತುವಾಗ ರೋಗಿಯ ಸ್ನಾಯು ಮಲಗಿರುತ್ತದೆ. ಬಾಡಿಗೆ ದುಡ್ಡಿನಲ್ಲಿ ನಾಲ್ಕು ದಿನ ಒಬ್ಬ ಫಿಸಿಯೋ ಮನೆಗೆ ಬರಲಿ. ದುಡ್ಡಿಲ್ಲ ಅಂದರೆ ಜಿಲ್ಲಾ ಆಸ್ಪತ್ರೆಯಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ.

ಸಂಶಯ ಕುಷ್ಟಗಿ
ದುಡ್ಡಿನ ಮಾತು ಬಂತು ಅಂತ ಹೇಳುತ್ತೇನೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಇಂಪ್ಲಾಂಟ್‌ಗೆ ಬೆಲೆ ಮಿತಿ ಹಾಕಿತು. ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ, ತೆರಿಗೆ ಬೇರೆ. ಅದಕ್ಕೂ ಮುಂಚೆ ಲಕ್ಷದ ಮೇಲೆ ಇತ್ತು. ಕೀಲಿನ ಬೆಲೆ ಇಳಿಯಿತು, ಒಳ್ಳೇದಾಯಿತು. ಆದರೆ ಜನ ಎಲ್ಲಾ ದುಡ್ಡು ಆಪರೇಷನ್‌ಗೇ ಹಾಕಿ ಫಿಸಿಯೋಗೆ ಬಂದಾಗ ಕೈ ಖಾಲಿ ಅನ್ನುತ್ತಾರೆ. ಅರ್ಧ ಚಿಕಿತ್ಸೆ ಅಲ್ಲಿಯೇ ಇರುವುದು.

ಲಿಂಗಸುಗೂರು ಬೈಕ್
ಒಪ್ಪುತ್ತೇನೆ. ನನ್ನದು ಬೈಕಿನಿಂದ ಬಿದ್ದು ಮಂಡಿಚಿಪ್ಪು ಎರಡು ಹೋಳಾಗಿತ್ತು. ತಂತಿ ಹಾಕಿ ಬಿಗಿದರು. ಆಮೇಲೆ ಆರು ವಾರ ಪ್ಲಾಸ್ಟರ್. ಬಿಚ್ಚಿದಾಗ 40 ಡಿಗ್ರಿ ಕೂಡ ಮಡಚಲಿಲ್ಲ. ತೊಡೆ ಸಣ್ಣ ಆಗಿ ಕೈಯಷ್ಟಾಗಿತ್ತು. ಪ್ಲಾಸ್ಟರ್ ಒಳಗಿದ್ದಾಗಲೇ ತೊಡೆ ಬಿಗಿ ಮಾಡುವ ವ್ಯಾಯಾಮ ಮಾಡಬಹುದಿತ್ತಂತೆ. ಆ ಆಸ್ಪತ್ರೆಯಲ್ಲಿ ಒಬ್ಬರೂ ಹೇಳಲಿಲ್ಲ. ಒಂದು ವರ್ಷ ಬೇಕಾಯಿತು ನನಗೆ 115 ತಲುಪಲು. ಹೋದ ವರ್ಷ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದೆ. ಇಳಿಯುವಾಗಲೇ ಜಾಸ್ತಿ ಕಷ್ಟ.

ಮಾನ್ವಿ ಸೊಸೆ
ಅಂಜನಾದ್ರಿ ಇಳಿಯುವಾಗ ಒಳ್ಳೆ ಕಾಲಿದ್ದವರಿಗೇ ತೊಡೆ ನಡುಗುತ್ತದೆ ಅಣ್ಣಾ!

ಸಿರುಗುಪ್ಪ ಗೌಡ್ರು
ಎಣ್ಣೆ ಬೇಡ ಅಂದಿರಿ, ಬಿಟ್ಟೆ. ಆದರೆ ನಮ್ಮ ಚಿಕ್ಕಮ್ಮ ಆಪರೇಷನ್ ಆದ ಮೇಲೂ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುತ್ತಾರೆ. ನಾನೇ ನೋಡಿದ್ದೇನೆ. ಇವರ ಅವ್ವನೂ ಕೂತು ರೊಟ್ಟಿ ಬಡಿಯಬಹುದು, ಆಸೆ ಬಿಡಬೇಡಿ.

ಫಿಸಿಯೋ ರಾಯಚೂರು
ಕೂರುವವರು ಇದ್ದಾರೆ. ಎಲ್ಲರಿಗೂ ಆಗುವುದಿಲ್ಲ. ಆಪರೇಷನ್‌ಗೆ ಮುಂಚೆ ಕಾಲು ಎಷ್ಟು ಮಡಚುತ್ತಿತ್ತು ಅನ್ನುವುದರ ಮೇಲೆ ಬಹಳ ಮಟ್ಟಿಗೆ ನಿಂತಿದೆ. ಸುಮಾರಾಗಿ ಲೆಕ್ಕ ಹೀಗೆ. ಸಮತಟ್ಟು ನೆಲದಲ್ಲಿ ನಡೆಯಲು 65-70 ಸಾಕು. ಮೆಟ್ಟಿಲಿಗೆ 90ರ ಹತ್ತಿರ ಬೇಕು. ಕುರ್ಚಿಯಿಂದ ಕೈ ಊರದೆ ಏಳಲು 90ರಿಂದ 105. ನೆಲದ ಮೇಲೆ ಕೂರಲು 120-130 ದಾಟಬೇಕು. ಕೂರುವುದಕ್ಕಿಂತ ನೆಲದಿಂದ ಏಳುವುದು ಇನ್ನೂ ಕಷ್ಟ, ಹೊಸ ಕೀಲಿನ ಮೇಲೆ ಭಾರ ಜಾಸ್ತಿ. ಹಾಗಾಗಿ ಸುಮಾರು ಸರ್ಜನ್‌ಗಳು ಬೇಡ ಅನ್ನುತ್ತಾರೆ. ಇವರ ಸರ್ಜನ್ ಏನು ಹೇಳುತ್ತಾರೋ ಅದೇ ಅಂತಿಮ.

ಕೊಪ್ಪಳದವರೇ, ಆರನೇ ವಾರಕ್ಕೆ 70 ಅಂದರೆ ಕಮ್ಮಿ. 90 ದಾಟಿರಬೇಕಿತ್ತು. ಈ ವಾರವೇ ಸರ್ಜನ್‌ಗೆ ತೋರಿಸಿ, ತಡ ಮಾಡಬೇಡಿ. ಒಳಗೆ ಗಾಯದ ಅಂಟು ಬೆಳೆದು ಕೀಲು ಹಿಡಿದುಕೊಂಡರೆ, ಅರಿವಳಿಕೆ ಕೊಟ್ಟು ಡಾಕ್ಟರೇ ಮಡಚಿ ಬಿಡಿಸುತ್ತಾರೆ. ಅದನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಮಾಡಿದರೆ ಚೆನ್ನ, ಆಮೇಲೆ ಅಂಟು ಗಟ್ಟಿಯಾಗುತ್ತದೆ. ನೀವಿಬ್ಬರು ಮನೆಯಲ್ಲಿ ಮಾಡಿದ್ದು ಅದಲ್ಲ. ಎಚ್ಚರ ಇರುವವರ ಕಾಲು ಒತ್ತಿದಾಗ ನೋವಿಗೆ ಸ್ನಾಯು ಎದುರು ಬಿಗಿಯುತ್ತದೆ, ಒಳಗೆ ಬಾವು ಬರುತ್ತದೆ. ಬಾವು ತುಂಬಿದ ಕೀಲು ಮಡಚುವುದಿಲ್ಲ.

ಕೊಪ್ಪಳದ ಮಗ
ಇನ್ನು ಮೇಲೆ ಕಾಲು ಹಿಡಿಯುವುದಿಲ್ಲ ಅಂತ ಅವ್ವನ ಮುಂದೆ ಹೇಳಿದೆ. ಗುರುವಾರ ಡಾಕ್ಟರ್ ಹತ್ತಿರ ಹೋಗುತ್ತೇವೆ. ಐಸ್ ಇಡಬಹುದಾ? ಚಳಿ ಇದೆ, ಅವ್ವ ಬೇಡ ಅನ್ನುತ್ತಾಳೆ.

ಗಂಗಾವತಿ ಟೀಚರ್
ಇಡು. ವ್ಯಾಯಾಮ ಆದ ಮೇಲೆ ಹದಿನೈದು ನಿಮಿಷ. ಟವೆಲಿನಲ್ಲಿ ಸುತ್ತಿ ಇಡಬೇಕು.

ಫಿಸಿಯೋ ರಾಯಚೂರು
ಸಕ್ಕರೆ ಇರುವವರಿಗೆ ಚರ್ಮ ಮರಗಟ್ಟಿ ತಣ್ಣಗಾಗಿದ್ದು ಗೊತ್ತಾಗದೇ ಇರಬಹುದು. ಐದು ನಿಮಿಷಕ್ಕೊಮ್ಮೆ ತೆಗೆದು ಚರ್ಮ ನೋಡಿ.

ಕೊಪ್ಪಳದ ಮಗ (ನಾಲ್ಕು ದಿನದ ಮೇಲೆ)
ಹೋಗಿ ಬಂದೆವು. ಎಕ್ಸ್‌ರೇ ಸರಿಯಿದೆ, ಸೋಂಕು ಇಲ್ಲ. ಎರಡು ವಾರ ದಿನಾ ಫಿಸಿಯೋ, 90 ಬರದಿದ್ದರೆ ಅರಿವಳಿಕೆ ಕೊಟ್ಟು ಮಡಚೋಣ ಅಂದರು. ನೆಲದ ಮೇಲೆ ಕೂರುವುದು ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಬಸ್ಸಿನಲ್ಲಿ ಅವ್ವ ಒಂದು ಮಾತೂ ಆಡಲಿಲ್ಲ.

ಗಂಗಾವತಿ ಟೀಚರ್
ರೊಟ್ಟಿ ನಿಂತು ಬಡಿಯಬಹುದಲ್ಲ? ನಾನು ಹಾಗೇ ಮಾಡುತ್ತೇನೆ. ಅಡುಗೆ ಕಟ್ಟೆಯ ಮೇಲೆ ಗ್ಯಾಸ್, ಪಕ್ಕದಲ್ಲಿ ಕಡಪ ಕಲ್ಲು.

ಸಂಶಯ ಕುಷ್ಟಗಿ
ಟೀಚರ್, ನಿಂತು ಬಡಿದ ರೊಟ್ಟಿ ದಪ್ಪ ಆಗುತ್ತದೆ. ಕೂತಾಗ ತೋಳಿನ ಭಾರ ಪೂರ್ತಿ ಹಿಟ್ಟಿನ ಮೇಲೆ ಬೀಳುತ್ತದೆ. ನಮ್ಮ ಮನೆಯಲ್ಲಿ ಎರಡೂ ತಿಂದಿದ್ದೇನೆ.

ಗಂಗಾವತಿ ಟೀಚರ್
ಕಟ್ಟೆ ಎತ್ತರ ಜಾಸ್ತಿ ಇದ್ದರೆ ಹಾಗಾಗುತ್ತದೆ. ಕಟ್ಟೆ ಸೊಂಟಕ್ಕಿಂತ ಕೆಳಗಿರಬೇಕು. ಹಿಟ್ಟಿಗೆ ಕುದಿಯುವ ನೀರು ಹಾಕಿ ಚೆನ್ನಾಗಿ ನಾದಿದರೆ ನಿಂತರೂ ತೆಳ್ಳಗೆ ಬರುತ್ತದೆ. ನಮ್ಮನೆಗೆ ಬನ್ನಿ, ತೋರಿಸುತ್ತೇನೆ.

ಜೀನ್ಸ್ ಕಟಿಂಗ್ ಬಳ್ಳಾರಿ
ಎತ್ತರದ ಸ್ಟೂಲ್ ಇಡಿ. ಪೂರ್ತಿ ಕೂರದೆ ಅಂಚಿಗೆ ಒರಗಿ ನಿಲ್ಲುವ ಹಾಗೆ. ನಮ್ಮ ಕಟಿಂಗ್ ಟೇಬಲ್ ಹತ್ತಿರ ಹಾಗೇ ಮಾಡಿಕೊಂಡಿದ್ದೇನೆ, ಕಾಲಿಗೆ ಆರಾಮ.

ಕೊಪ್ಪಳದ ಮಗ (ಒಂಬತ್ತನೇ ವಾರ)
ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಿನ್ನೆ ಅಳತೆ 94. ಅರಿವಳಿಕೆ ಬೇಡ ಅಂದರು ಡಾಕ್ಟರು. ಕಾಲು ನೆಟ್ಟಗಾಗುವುದು ಇನ್ನೂ ಚೂರು ಬಾಕಿ. ಈಗ ಮುಷ್ಟಿ ಹೋಗಲ್ಲ, ಬೆರಳು ಹೋಗುತ್ತದೆ.

ನಡೆದದ್ದು ಹೇಳುತ್ತೇನೆ. ಮೊದಲ ನಾಲ್ಕು ದಿನ ಅವ್ವ ಕುರ್ಚಿ ಹತ್ತಿರ ಬರಲೇ ಇಲ್ಲ. ನಾನು ಗೆರೆ ಎಳೆಯುವ ಚಾಕ್‌ಪೀಸನ್ನು ಅವಳ ಕೈಗೇ ಕೊಟ್ಟು ಹೊರಗೆ ಹೋಗಿ ಕಟ್ಟೆ ಮೇಲೆ ಕೂತೆ. ಹದಿನೈದು ನಿಮಿಷ ಬಿಟ್ಟು ಒಳಗೆ ಹೋದರೆ ನೆಲದ ಮೇಲೆ ಒಂದು ಗೆರೆ ಇತ್ತು. ಬಗ್ಗಲು ಆಗದೆ ಮೊಮ್ಮಗಳ ಕೈಯಲ್ಲಿ ಎಳೆಸಿದ್ದಳು. ಆಮೇಲೆ ದಿನಾ ಮೊಮ್ಮಗಳದೇ ಲೆಕ್ಕ. ಮಗ್ಗಿ ಅವ್ವನಿಗೆ ಬರುವುದಿಲ್ಲ. "ಒಂದು ರೊಟ್ಟಿ ಬಡಿಯೋ ಹೊತ್ತು ಹಿಡೀತೀನಿ" ಅನ್ನುತ್ತಾಳೆ, ಕೈಯಲ್ಲಿ ತೊಡೆ ಮೇಲೆ ತಟ್ಟುತ್ತಾ. ಈಗ ಹತ್ತೊಂಬತ್ತು ಗೆರೆ ಇವೆ. ಒರೆಸಲು ಯಾರಿಗೂ ಬಿಡುತ್ತಿಲ್ಲ.

ದಿಂಬು ತೆಗೆದ ಮೊದಲ ವಾರ ನಿದ್ದೆ ಬರಲಿಲ್ಲ ಅವಳಿಗೆ. ಈಗ ರೂಢಿ ಆಗಿದೆ. ಹತ್ತಿರ ಹೋದರೆ ಸೆರಗು ಎಳೆದುಕೊಳ್ಳುವುದಿಲ್ಲ.

ಫಿಸಿಯೋ ರಾಯಚೂರು
94! ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಿಲ್ಲಿಸಬೇಡಿ, ವರ್ಷದವರೆಗೂ ಚೂರು ಚೂರು ಬರುತ್ತಿರುತ್ತದೆ. ಬಾವು, ಬಿಸಿ ಇನ್ನೂ ಕೆಲವು ತಿಂಗಳು ಸ್ವಲ್ಪ ಇರುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಇದ್ದಕ್ಕಿದ್ದಂತೆ ಜಾಸ್ತಿ ಆದರೆ ತೋರಿಸಿ.

ಸಿರುಗುಪ್ಪ ಗೌಡ್ರು
ಬಹಳ ಖುಷಿ ಆಯಿತಪ್ಪಾ. ನನ್ನ ಮನೆಯವರಿಗೂ ಮೆಟ್ಟಿಲು ಹತ್ತುವಾಗ ಮೊಣಕಾಲು ನೋವು. ಆಪರೇಷನ್ ಆಗಿಲ್ಲ. ಯಾವ ಕಾಲು ಮೊದಲು ಇಡಬೇಕು ಮೇಡಂ?

ಫಿಸಿಯೋ ರಾಯಚೂರು
ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೈಗೆ ಆಸರೆ ಇರಲಿ. ಒಮ್ಮೆ ಕರೆದುಕೊಂಡು ಬನ್ನಿ, ತೊಡೆಗೆ ವ್ಯಾಯಾಮ ಹೇಳಿಕೊಡುತ್ತೇನೆ.

ಮಾನ್ವಿ ಸೊಸೆ
ನಮ್ಮ ಅತ್ತೆಯ ಆಪರೇಷನ್ ಮುಂದಿನ ಸೋಮವಾರಕ್ಕೆ ಹೋಯಿತು. ಈಗಿನಿಂದಲೇ ಏನಾದರೂ ಮಾಡಿಸಬೇಕಾ?

ಫಿಸಿಯೋ ರಾಯಚೂರು
ಹೌದು, ಇವತ್ತಿನಿಂದಲೇ. ಕಾಲು ಚಾಚಿ ಮಲಗಿ, ಮೊಣಕಾಲನ್ನು ಮಂಚಕ್ಕೆ ಒತ್ತಿ ತೊಡೆ ಬಿಗಿ ಮಾಡುವುದು, ಐದು ಎಣಿಸುವಷ್ಟು ಹೊತ್ತು. ಹಿಮ್ಮಡಿ ಜಾರಿಸಿ ಮಡಚುವುದು. ವಾಕರ್ ಹಿಡಿದು ನಡೆಯುವುದನ್ನೂ ಈಗಲೇ ಕಲಿಸಿ. ಆಪರೇಷನ್ ಆದ ದಿನ ನೋವಿನಲ್ಲಿ ಕಲಿಯುವುದಕ್ಕಿಂತ ಸುಲಭ.

ಕೊಪ್ಪಳದ ಮಗ
ಅಕ್ಕಾ, ವಾಕರ್ ಕೊಳ್ಳಬೇಡಿ. ಅವ್ವ ಈಗ ಕೋಲು ಹಿಡಿದಿದ್ದಾಳೆ, ನಮ್ಮದು ಖಾಲಿ ಇದೆ. ಎತ್ತರ ಹೊಂದಿಸಬಹುದು. ಶನಿವಾರ ರಾಯಚೂರು ಕಡೆ ಬರುತ್ತಿದ್ದೇನೆ, ಮಾನ್ವಿ ಬಸ್ ನಿಲ್ದಾಣದಲ್ಲಿ ಕೊಡುತ್ತೇನೆ. ಅವ್ವ ನಿಮ್ಮ ಅತ್ತೆಗೆ ಹತ್ತು ರೊಟ್ಟಿ ಕಟ್ಟಿಕೊಡುತ್ತೇನೆ ಅಂದಿದ್ದಾಳೆ. ನಿಂತು ಬಡಿದದ್ದು, ಸ್ವಲ್ಪ ದಪ್ಪ ಇವೆ.